ಕಂಪ್ಯೂಟರ್ ತೀರ್ಮಾನಕ್ಕೆ ರುಜುವಾತಿನ ಹೊಣೆ ಇಲಾಖೆಯದಾಗಲಿ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಕಾನೂನು ಆಯೋಗ, ಬೆಂಗಳೂರು

ವಿಷಯ: ಪಡಿತರ, ಪಿಂಚಣಿ ಮುಂತಾದ ಸೌಲಭ್ಯಗಳ ಕುರಿತ ಸ್ವಯಂಚಾಲಿತ ನಿರ್ಧಾರಗಳ ವ್ಯಾಜ್ಯದಲ್ಲಿ ರುಜುವಾತಿನ ಹೊಣೆ ನಿಗದಿಪಡಿಸುವ ಬಗ್ಗೆ.

ಮಾನ್ಯರೇ,

ಕಂಪ್ಯೂಟರ್ ಲೆಕ್ಕ ನಂಬಿ ಸರ್ಕಾರ ಒಬ್ಬರ ಸೌಲಭ್ಯ ನಿಲ್ಲಿಸಿದಾಗ, ಆ ಲೆಕ್ಕ ಸರಿಯೆಂದು ನ್ಯಾಯಾಲಯಕ್ಕೆ ತೋರಿಸಬೇಕಾದವರು ಯಾರು? ಇದಕ್ಕೆ ಕಾನೂನಿನಲ್ಲೇ ಉತ್ತರ ಇರಬೇಕೆಂದು ಕೋರಿ ಈ ಮನವಿ. ಉತ್ತರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಆಸ್ಟ್ರೇಲಿಯಾ ಕಂಡಿದೆ. ಅಲ್ಲಿ ನಿರುದ್ಯೋಗ ಭತ್ಯೆಯನ್ನು ಎರಡು ವಾರಕ್ಕೊಮ್ಮೆ ಆದಾಯ ನೋಡಿ ಕೊಡುತ್ತಾರೆ. 2015ರಲ್ಲಿ ಶುರುವಾಗಿ 'ರೋಬೋಡೆಟ್' ಎಂದು ಹೆಸರಾದ ವ್ಯವಸ್ಥೆ, ತೆರಿಗೆ ಕಚೇರಿಯಲ್ಲಿದ್ದ ವರ್ಷದ ಆದಾಯವನ್ನು 26ರಿಂದ ಭಾಗಿಸಿ ಎಲ್ಲ ಅವಧಿಗೂ ಸಮನಾಗಿ ಹಂಚಿತು. ಆರು ತಿಂಗಳು ದುಡಿದು, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದವರು ಈ ಲೆಕ್ಕದಲ್ಲಿ ವರ್ಷಪೂರ್ತಿ ದುಡಿದವರಾದರು. ಪಡೆದ ಭತ್ಯೆ ಸಾಲವಾಯಿತು. ಸಾಲವಿಲ್ಲವೆಂದು ಸಾಬೀತುಪಡಿಸಲು ಹಳೆಯ ಸಂಬಳದ ಚೀಟಿ ಹುಡುಕುವ ಪಾಡೂ ಅವರದೇ. 2017ರಲ್ಲೇ ನ್ಯಾಯಮಂಡಳಿಯ ಸದಸ್ಯರೊಬ್ಬರು ಇದು ಕಾನೂನುಬಾಹಿರವೆಂದರು. ಇಲಾಖೆ ಮೇಲ್ಮನವಿ ಸಲ್ಲಿಸಲಿಲ್ಲ, ಆ ಹಂತದ ಆದೇಶಗಳು ಪ್ರಕಟವಾಗುತ್ತಲೂ ಇರಲಿಲ್ಲ. ಹೀಗಾಗಿ ಗೆದ್ದವರ ಗೆಲುವು ಮಿಕ್ಕವರ ಕಿವಿಗೆ ಬೀಳಲೇ ಇಲ್ಲ. 2019ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸರ್ಕಾರ ತಪ್ಪೊಪ್ಪಿಕೊಂಡಿತು. ತಪ್ಪು ಲೆಕ್ಕಕ್ಕೆ ಸಿಕ್ಕಿದ್ದವರು 4 ಲಕ್ಷಕ್ಕೂ ಹೆಚ್ಚು.

ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರ, ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಹೇಳುತ್ತದೆಯೇ ಹೊರತು ಲೆಕ್ಕದ ವಿಧಾನ ಸರಿಯೆಂದಲ್ಲ. ಅದು ಸಾಲದು. ಆಸ್ಟ್ರೇಲಿಯಾದ ಕಂಪ್ಯೂಟರ್ ಭಾಗಾಕಾರದಲ್ಲಿ ತಪ್ಪಲಿಲ್ಲ, ಭಾಗಿಸಿದ್ದೇ ತಪ್ಪು. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ ಪ್ರಕಾರ ಬಾಧಿತರಿಗೆ ನಿರ್ಧಾರದ ಕಾರಣ ತಿಳಿಸಲೇಬೇಕು. 'ತಂತ್ರಾಂಶದಲ್ಲಿ ಅನರ್ಹ ಎಂದು ಬಂದಿದೆ' ಎಂಬುದು ಕಾರಣವಲ್ಲ. ಲಕ್ಷಗಟ್ಟಲೆ ಕಡತಗಳಿಗೆ ವಿವರಣೆ ಬರೆಯುವುದು ಆಗದ ಮಾತೆಂಬ ಆಕ್ಷೇಪ ಬರಬಹುದು. ನಾವು ಕೇಳುತ್ತಿರುವುದು ತಕರಾರು ಎದ್ದ ಪ್ರಕರಣಗಳಿಗೆ ಮಾತ್ರ. ತಂತ್ರಾಂಶ ಕೊಟ್ಟ ಕಂಪನಿಯ ವ್ಯಾಪಾರ ರಹಸ್ಯ ಬಯಲಾಗುತ್ತದೆಂಬ ಮಾತಿಗೆ ಅದೇ ಕಾಯ್ದೆಯ 8(1)(ಡಿ) ಉತ್ತರ ಕೊಟ್ಟಿದೆ: ವಿಶಾಲ ಸಾರ್ವಜನಿಕ ಹಿತಾಸಕ್ತಿಯ ಮುಂದೆ ಆ ರಕ್ಷಣೆ ನಿಲ್ಲದು. ನೆದರ್ಲೆಂಡ್ಸಿನಲ್ಲಿ ವಂಚನೆ ಪತ್ತೆಗೆಂದು ತಂದ 'ಸಿರಿ' ವ್ಯವಸ್ಥೆಯನ್ನು ಹೇಗ್ ಜಿಲ್ಲಾ ನ್ಯಾಯಾಲಯ 2020ರಲ್ಲಿ ತಡೆದದ್ದೂ, ಅದರ ಒಳಗುಟ್ಟನ್ನು ಯಾರೂ ಪರಿಶೀಲಿಸಲಾಗದೆಂಬ ಕಾರಣ ಸೇರಿಯೇ.

ಆದ್ದರಿಂದ ಇಂಥ ವ್ಯಾಜ್ಯಗಳಲ್ಲಿ ರುಜುವಾತಿನ ಹೊಣೆಯನ್ನು ಇಲಾಖೆಯ ಮೇಲೆ ಹಾಕುವ, ಇತ್ಯರ್ಥದವರೆಗೆ ಸೌಲಭ್ಯ ಮುಂದುವರಿಸುವ, ಮೇಲ್ಮನವಿ ಪ್ರಾಧಿಕಾರಗಳ ಆದೇಶಗಳನ್ನು ಹೆಸರು ಮರೆಮಾಡಿ ಕನ್ನಡದಲ್ಲಿ ಪ್ರಕಟಿಸುವ ಮಸೂದೆಗೆ ಆಯೋಗ ಶಿಫಾರಸು ಮಾಡಬೇಕೆಂದು ಕೋರುತ್ತೇವೆ. ಅನರ್ಹರೆಂದು ಕೊನೆಗೆ ಸಾಬೀತಾದವರಿಂದ ವಸೂಲಿ ಮಾಡಬಹುದು. ಅರ್ಹರ ಮನೆ ಅಕ್ಕಿಯಿಲ್ಲದೆ ಕಳೆದ ತಿಂಗಳುಗಳನ್ನು ಯಾವ ಆದೇಶವೂ ಹಿಂದಿರುಗಿಸದು.

ಇಂತಿ ತಮ್ಮ ವಿಶ್ವಾಸಿಗಳು