ಚಿತ್ರಕಥೆ ಬರೆದರೆ ಹೊಟ್ಟೆ ತುಂಬುತ್ತದೆಯೇ?

ಹನ್ನೊಂದನೇ ತರಗತಿಯ ವಿಷಯ ಆಯ್ಕೆಯ ಅರ್ಜಿ ಮನೆಗೆ ಬಂದ ದಿನ ನಮ್ಮಲ್ಲಿ ಒಂದು ಸಣ್ಣ ಮಹಾಭಾರತವೇ ನಡೆದುಹೋಯಿತು. ಮಗಳು ವಿಜ್ಞಾನ ವಿಭಾಗವನ್ನು ಬಿಟ್ಟು ಕಲಾ ವಿಭಾಗಕ್ಕೆ ಗುರುತು ಹಾಕಿದ್ದಳು. ಕಾರಣ ಕೇಳಿದರೆ, "ನಾನು ಸಿನಿಮಾಕ್ಕೆ ಚಿತ್ರಕಥೆ ಬರೆಯಬೇಕು" ಎಂದಳು. "ಅದರಿಂದ ಹೊಟ್ಟೆ ತುಂಬುತ್ತಾ?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಈಗ ಯೋಚಿಸಿದರೆ ನಮ್ಮ ಪ್ರಶ್ನೆ ತಪ್ಪಾಗಿರಲಿಲ್ಲ. ಉತ್ತರ ಬೇಕೆಂದು ಕೇಳದೆ ಅವಳ ಬಾಯಿ ಮುಚ್ಚಿಸಲು ಕೇಳಿದ್ದು ತಪ್ಪು. ಇಂಜಿನಿಯರಿಂಗ್ ಎಂದಿದ್ದರೆ ಮರುದಿನವೇ ಕಾಲೇಜು, ಶುಲ್ಕ, ಕೆಲಸ, ಸಂಬಳ ಎಲ್ಲವನ್ನೂ ವಿಚಾರಿಸುತ್ತಿದ್ದೆವು. ಇದಕ್ಕೇಕೆ ಆ ಶ್ರಮ ಬೇಡ? ಹೀಗೆಂದು ಕೆಲವು ತಿಂಗಳು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ನಮ್ಮಂಥ ತಂದೆತಾಯಿಯರು ಈ ಶಾಲೆಯಲ್ಲಿ ಇನ್ನೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲಿಗೆ, ಕಥೆ ಬೇರೆ, ಚಿತ್ರಕಥೆ ಬೇರೆ, ಸಂಭಾಷಣೆ ಬೇರೆ. ಕಥೆ ಏನಾಯಿತೆಂದು ಹೇಳುತ್ತದೆ. ಚಿತ್ರಕಥೆಯು ಅದನ್ನು ಯಾವ ದೃಶ್ಯದಲ್ಲಿ, ಯಾವ ಕ್ರಮದಲ್ಲಿ ತೋರಿಸಬೇಕೆಂದು ನಿರ್ಧರಿಸುತ್ತದೆ. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಈ ಕಸುಬಿನ ಲೆಕ್ಕ. ಎರಡು ಗಂಟೆಯ ಚಿತ್ರಕ್ಕೆ 120 ಪುಟ, ಅದನ್ನೇ ಐದಾರು ಸಲ ತಿದ್ದಿ ಬರೆಯಬೇಕು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದನ್ನೇ ಪ್ರತ್ಯೇಕವಾಗಿ ಕಲಿಸುತ್ತಾರೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ಬರೆದವರ ಹೆಸರು ಯಾರಿಗೆ ನೆನಪಿರುತ್ತದೆ? 'ಪ್ರೇಮದ ಕಾಣಿಕೆ' (1976) ಎಂದರೆ ನಮಗೆ ರಾಜ್‌ಕುಮಾರ್ ನೆನಪಾಗುತ್ತಾರೆ. ಅದರ ಕಥೆ 'ಶೋಲೆ'ಯನ್ನು ಬರೆದ ಸಲೀಂ-ಜಾವೇದ್ ಅವರದೆಂದು, ಸಂಭಾಷಣೆ ಚಿ. ಉದಯಶಂಕರ್ ಅವರದೆಂದು ಎಷ್ಟು ಮಂದಿ ಹೇಳಿಯಾರು? ಇದೇ ಸಲೀಂ-ಜಾವೇದ್ 1973ರಲ್ಲಿ 'ಜಂಜೀರ್' ಚಿತ್ರದ ಪೋಸ್ಟರ್‌ಗಳಲ್ಲಿ ತಮ್ಮ ಹೆಸರಿಲ್ಲದ್ದನ್ನು ಕಂಡು, ಒಬ್ಬ ಪೇಂಟರ್‌ನನ್ನು ಗೊತ್ತುಮಾಡಿ ಮುಂಬೈಯ ಬೀದಿಗಳ ಪೋಸ್ಟರ್‌ಗಳ ಮೇಲೆಲ್ಲ ಹೆಸರು ಬರೆಸಿದರಂತೆ. ಕೇಳಲು ತಮಾಷೆಯಾಗಿದೆ. ಆದರೆ ಹೆಸರಿಲ್ಲದವನಿಗೆ ಮುಂದಿನ ಚಿತ್ರದ ಕರೆ ಬರುವುದಿಲ್ಲ ಎಂಬುದು ಆ ಇಬ್ಬರಿಗೂ ತಿಳಿದಿತ್ತು.

ಈ ಕ್ಷೇತ್ರಕ್ಕೆ ಕಾಲಿಡುವುದಕ್ಕಿಂತ ಅದರಲ್ಲಿ ನಿಲ್ಲುವುದೇ ಕಷ್ಟ. ಇದಕ್ಕೆ ನಮ್ಮ ಬಹ್ರೇನ್‌ಗೇ ಸಂಬಂಧಿಸಿದ ಒಂದು ಉದಾಹರಣೆಯಿದೆ. ಇಲ್ಲೇ ನೌಕರಿ ಮಾಡುತ್ತಿದ್ದ ಮಲಯಾಳಂ ಲೇಖಕ ಬೆನ್ಯಾಮಿನ್ ಅವರ 'ಆಡುಜೀವಿದಂ' ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರಕಥೆ ಬರೆದು ನಿರ್ದೇಶಿಸಿದವರು ಬ್ಲೆಸ್ಸಿ. ಚಿತ್ರ ತೆರೆ ಕಂಡದ್ದು 2024ರ ಮಾರ್ಚ್‌ನಲ್ಲಿ. ನಡುವೆ ಹದಿನಾರು ವರ್ಷ! ಅಷ್ಟು ದಿನ ಮನೆ ಬಾಡಿಗೆ ಕಾಯುತ್ತದೆಯೇ? ಆದ್ದರಿಂದ ಪಕ್ಕದಲ್ಲೊಂದು ದುಡಿಮೆ ಇರುವುದು ಸೋಲಲ್ಲ ಎಂಬುದು ನಮ್ಮ ಅಭಿಪ್ರಾಯ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಪ್ರಕಾಶನದಲ್ಲಿ ನೌಕರಿಯಲ್ಲಿದ್ದರು. ಅವರು ಚಿತ್ರಕಥೆ ಬರೆದ 'ಸಂಸ್ಕಾರ' 1970ರಲ್ಲಿ ಬಂತು. ತಿಂಗಳ ಖರ್ಚಿಗೆ ಇನ್ನೊಂದು ದಾರಿ ಧಾರಾವಾಹಿ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು ನಿಮಿಷ ಉಳಿಯಿತೆನ್ನಿ, ವಾರಕ್ಕೆ ಐದು ಕಂತೆಂದರೆ ನೂರು ಪುಟ. ಮನೆಮಂದಿಯೆಲ್ಲ ನೋಡಿ ನಗುವ ಆ ಅತ್ತೆ-ಸೊಸೆ ಜಗಳದ ಹಿಂದೆ ಯಾರೋ ನಿದ್ದೆಗೆಟ್ಟಿರುತ್ತಾರೆ.

ಮಕ್ಕಳೇ, ಕಾಗದಪತ್ರದ ವಿಷಯವನ್ನು ಬೇಸರವೆಂದು ಬಿಡಬೇಡಿ. ಆರ್.ಜಿ. ಆನಂದ್ ಎಂಬ ನಾಟಕಕಾರರು 'ಹಮ್ ಹಿಂದೂಸ್ತಾನಿ' ಎಂಬ ತಮ್ಮ ನಾಟಕವನ್ನು ಒಬ್ಬ ಚಿತ್ರ ನಿರ್ಮಾಪಕರಿಗೆ ಓದಿ ಹೇಳಿದ್ದರು. ಆಮೇಲೆ 1956ರಲ್ಲಿ 'ನ್ಯೂ ಡೆಲ್ಲಿ' ಎಂಬ ಚಿತ್ರ ಬಂದಾಗ ಅದು ತಮ್ಮದೇ ಕಥೆಯೆಂದು ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು. ಬರೀ ಕಲ್ಪನೆಗೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ. ಅದನ್ನು ಬರೆದ ರೂಪಕ್ಕೆ ಮಾತ್ರ ಇದೆ ಎಂದಿತು. ಹಾಗಾಗಿ ಬಾಯಲ್ಲಿ ಕಥೆ ಹೇಳುವ ಮೊದಲು ಪೂರ್ತಿ ಬರೆದು, ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಂಥ ಕಡೆ ನೋಂದಾಯಿಸಿಕೊಳ್ಳಬೇಕು. ಹಣ ಕಂತುಕಂತಾಗಿ ಬರುತ್ತದೆ, ಕೊನೆಯ ಕಂತು ಬರುವುದೇ ಇಲ್ಲ ಎಂಬುದು ಬರಹಗಾರರ ಹಳೆಯ ದೂರು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. 2012ರ ಕಾನೂನು ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಯಿಂದ ಬರುವ ರಾಯಲ್ಟಿಯ ಹಕ್ಕನ್ನು ಬರಹಗಾರರಿಂದ ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 2023ರಲ್ಲಿ ಚಿತ್ರ ಮತ್ತು ಟಿವಿ ಬರಹಗಾರರು 148 ದಿನ ಮುಷ್ಕರ ಹೂಡಿದ್ದೂ ಇಂಥ ಪಾಲಿಗಾಗಿಯೇ. ಕೃತಕ ಬುದ್ಧಿಮತ್ತೆ ತಮ್ಮ ಕೆಲಸ ಕಸಿಯಬಾರದೆಂಬುದೂ ಅವರ ಬೇಡಿಕೆಯಾಗಿತ್ತು.

ಇಷ್ಟೆಲ್ಲ ಮಗಳಿಗೆ ಹೇಳಿದೆವು. ಆದರೆ ಹೇಳುವಾಗ ನಮ್ಮದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದ ಈರೇಗೌಡರು ನಿರ್ದೇಶಕ ರಾಮ್ ರೆಡ್ಡಿಯವರೊಂದಿಗೆ ಬರೆದ 'ತಿಥಿ' ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅದರ ಜೀವಾಳವೇ ಆ ಹಳ್ಳಿಯ ಮಾತು. ನಮ್ಮ ಮಕ್ಕಳ ಕಿವಿಯಲ್ಲೂ ಮಾತುಗಳಿಗೆ ಬರವಿಲ್ಲ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಹಿಂದಿ-ಮಲಯಾಳಂ, ತರಗತಿಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ನಾಲ್ಕಾರು ಅರಬ್ಬಿ ಪದ. ಗಲ್ಫ್ ಕನ್ನಡಿಗರ ಬದುಕನ್ನು ಬರೆಯಲು ಇವರಿಗಿಂತ ತಕ್ಕವರು ಯಾರು? ಆದರೆ "ಕನ್ನಡದಲ್ಲಿ ಅಂಕ ಬರುವುದಿಲ್ಲ" ಎಂದು ಎಂಟನೇ ತರಗತಿಯಲ್ಲಿ ಅವಳಿಗೆ ಕನ್ನಡ ಬಿಡಿಸಿದವರು ನಾವೇ. ಸಂಭಾಷಣೆ ಬರೆಯಲು ಕೂತಾಗ ಅವಳಿಗೆ ಒತ್ತಕ್ಷರ ತಡೆಯುತ್ತದೆ.

ಕೊನೆಗೆ ಅವಳು ಕಲಾ ವಿಭಾಗವನ್ನೇ ಸೇರಿದಳು, ಜೊತೆಗೆ ಅರ್ಥಶಾಸ್ತ್ರ ತೆಗೆದುಕೊಳ್ಳಲು ಒಪ್ಪಿದಳು. ಪದವಿಯ ನಂತರ ಐದು ವರ್ಷ ಅವಳ ದಾರಿಗೆ ನಾವು ಅಡ್ಡ ಬರುವುದಿಲ್ಲ, ಅಲ್ಲಿಯವರೆಗೆ ಅವಳು ಬರೆಯುವುದನ್ನು ನಿಲ್ಲಿಸುವುದಿಲ್ಲ ಎಂದು ಮಾತಾಯಿತು. ಮೊನ್ನೆ ಒಂದು ದೃಶ್ಯ ಓದಿ ತೋರಿಸಿದಳು. ಊರಿನ ಅಜ್ಜಿ ಮೊಮ್ಮಗಳಿಗೆ, "ನೀನು ಊಟ ಮಾಡಿದೆಯಾ?" ಎಂದು ಕೇಳುತ್ತಾಳೆ. "ಕುಂದಾಪುರದ ಯಾವ ಅಜ್ಜಿಯೂ ಹಾಗೆ ಕೇಳುವುದಿಲ್ಲ" ಎಂದು ನಕ್ಕೆವು. ಅವಳು ಸಿಟ್ಟಾಗಲಿಲ್ಲ. ಈಗ ಶುಕ್ರವಾರ ಊರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಪೆನ್ನು, ಪುಸ್ತಕ ಇಟ್ಟುಕೊಂಡೇ ಕೂರುತ್ತಾಳೆ. ಆ ತುದಿಯಿಂದ "ಉಂಡ್ಯಾ ಮಗಾ?" ಎಂದು ಕೇಳಿಸಿದ ಕೂಡಲೇ ಬರೆದುಕೊಳ್ಳುತ್ತಾಳೆ.