ಡೇರಿ ಟೈಮು, ಡ್ಯೂಟಿ ಟೈಮು

ಆಸ್ಪತ್ರೆಗಳಲ್ಲಿ ಬೆಳಗಿನ ಡ್ಯೂಟಿ ಸಾಮಾನ್ಯವಾಗಿ ಎಂಟಕ್ಕೆ. ಅಷ್ಟರೊಳಗೆ ಡೇರಿಗೆ ಹಾಲು ಹಾಕಿ ಆಗಿರಬೇಕು. ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಯಾವುದೋ ಹಳ್ಳಿಯಿಂದ ಹಾಸನಕ್ಕೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ಹೊರಟ ತಾಯಿ ಈ ಮೂರನ್ನೂ ಹೊಂದಿಸಿಕೊಂಡು ಬಸ್ಸು ಹಿಡಿಯಬೇಕು. ಎರಡು ತಿಂಗಳಿಗೆ ಬಿಟ್ಟಳೋ, ‘ಅವಳಿಗೆ ಮನಸ್ಸಿರಲಿಲ್ಲ ಬಿಡಿ’ ಎಂದು ಊರವರು ತೀರ್ಪು ಕೊಟ್ಟುಬಿಡುತ್ತಾರೆ.

ಸರ್ಕಾರದ ಕಾಗದದಲ್ಲಿ ಈ ಕೆಲಸಕ್ಕೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ದೊಡ್ಡ ಹೆಸರಿದೆ. ಇಂಜೆಕ್ಷನ್ ಕೊಡುವ ಕೆಲಸವಲ್ಲ. ಉಣಿಸುವುದು, ಮೈ ಒರೆಸುವುದು, ಮೂತ್ರದ ಅಳತೆ ಬರೆದಿಡುವುದು. ಮಲಗಿದಲ್ಲೇ ಇರುವ ರೋಗಿಗೆ ಬೆನ್ನುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ರೋಗಿಯನ್ನು ಎಬ್ಬಿಸದೆ ಚಾದರ ಬದಲಿಸುವುದನ್ನು ಒಮ್ಮೆ ನೋಡಬೇಕು: ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ಹಳೆಯದನ್ನು ಬೆನ್ನಿನುದ್ದಕ್ಕೂ ಸುರುಳಿ ಸುತ್ತಿ, ಅದಕ್ಕೆ ಒತ್ತಿದಂತೆ ಹೊಸದನ್ನು ಅರ್ಧ ಹಾಸಿ, ಆ ದಿಂಡಿನ ಮೇಲಿಂದ ಮೆಲ್ಲಗೆ ಇತ್ತ ಹೊರಳಿಸಿ, ಉಳಿದರ್ಧವನ್ನು ಎಳೆದು ಬಿಗಿಯಬೇಕು. ಒಂದು ಸುಕ್ಕು ಉಳಿದರೂ ಚರ್ಮಕ್ಕೆ ಕುತ್ತು. ಪುಸ್ತಕ ಓದಿ ಬರುವ ವಿದ್ಯೆಯಲ್ಲ ಇದು, ಕೈಗೆ ಹತ್ತಬೇಕು. ಅದಕ್ಕೆ ವಾರ್ಡಿನಲ್ಲಿ ನಿಲ್ಲಲೇಬೇಕು, ರಾತ್ರಿ ಪಾಳಿಯನ್ನೂ ನೋಡಲೇಬೇಕು. ಅದರಲ್ಲಿ ರಿಯಾಯಿತಿ ಕೇಳುವವನಲ್ಲ ನಾನು.

ನನ್ನ ತಕರಾರಿರುವುದು ವೇಳಾಪಟ್ಟಿಯ ಬಗ್ಗೆ. ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ವಯಸ್ಸಿನ ಮಿತಿ 35. ಹೆಂಗಸರಿಗೆ ಅದನ್ನು 45ಕ್ಕೆ ಏರಿಸಿದ್ದಾರೆ. ಅಂದರೆ ಮನೆ, ಮಕ್ಕಳು, ಕೊಟ್ಟಿಗೆ ಎಲ್ಲ ಇರುವವಳೂ ಬರಲಿ ಎಂದೇ ಲೆಕ್ಕ. ಆದರೆ ದಿನವಿಡೀ ಬಾ, ಇಲ್ಲವೇ ಹಾಸ್ಟೆಲಿನಲ್ಲಿ ಉಳಿ ಎನ್ನುವ ತರಬೇತಿ ಹದಿನೆಂಟರ ಹುಡುಗಿಗೆ ಹೊಂದೀತು, ಇವಳಿಗೆ ಹೇಗೆ ಹೊಂದಬೇಕು?

ಬೇರೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಆಶಾ ಕಾರ್ಯಕರ್ತೆ ಆ ಊರಿನವಳೇ ಆಗಿರಬೇಕು, ಮದುವೆಯಾದವಳೋ ವಿಧವೆಯೋ ಆದರೆ ಒಳ್ಳೆಯದು ಎಂದಿದ್ದರು. ಅವಳ ಮೊದಲ 23 ದಿನಗಳ ತರಬೇತಿಯನ್ನು ಒಂದೇ ಉಸಿರಿಗೆ ಮುಗಿಸಲಿಲ್ಲ, ಐದು ಕಂತು ಮಾಡಿದರು. ಒಂದು ಕಂತು ಕಲಿತು ಊರಿಗೆ ಬಂದು ಕೆಲಸ ಮಾಡು, ಮತ್ತೆ ಹೋಗು. ಆಶಾ ಗೌರವಧನದ ಜಗಳ ಇವತ್ತಿಗೂ ಬೀದಿಯಲ್ಲಿದೆ, ಅದು ಬೇರೆ ಮಾತು. ಕಂತಿನ ಉಪಾಯ ಮಾತ್ರ ಒಳ್ಳೆಯದೇ. ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಉದ್ದದ್ದು, ನಿಜ. ಪಾಠವನ್ನಾದರೂ ಹೋಬಳಿಯಲ್ಲೇ ಕಂತು ಕಂತಾಗಿ ಮಾಡಿ, ವಾರ್ಡಿನ ಅಭ್ಯಾಸಕ್ಕೆ ಚನ್ನರಾಯಪಟ್ಟಣ, ಹೊಳೆನರಸೀಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹತ್ತಿರದ್ದಕ್ಕೆ ಹಾಕಬಹುದಲ್ಲ?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಖರ್ಚು ಉಳಿಯಿತು, ದೊಡ್ಡ ಉಪಕಾರ. ಟಿಕೆಟ್ ಫ್ರೀ ಆದರೂ ಹೊತ್ತಿಗೆ ಸರಿಯಾಗಿ ಬಸ್ಸು ಇರಬೇಕು. ರಾತ್ರಿ ಎಂಟಕ್ಕೆ ಪಾಳಿ ಮುಗಿಸಿದವಳು ಹಳ್ಳಿ ಸೇರುವುದು ಹೇಗೆ? ಮಕ್ಕಳನ್ನು ಬಿಡಲು ಅದೇ ವರ್ಷದ ಬಜೆಟ್ಟಿನಲ್ಲಿ ಹೇಳಿದ ‘ಕೂಸಿನ ಮನೆ’ಗಳಿವೆ, ಮುಖ್ಯವಾಗಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ. ತರಬೇತಿಗೆ ಹೋಗುವವಳ ಕೂಸಿಗೂ ಅಲ್ಲಿ ಜಾಗ ಕೊಟ್ಟು, ಬಾಗಿಲನ್ನು ಬೆಳಗ್ಗೆ ಏಳಕ್ಕೇ ತೆಗೆಯುವುದು ಪಂಚಾಯಿತಿಗಳಿಗೆ ಆಗದ ಕೆಲಸವೇನಲ್ಲ.

ಇನ್ನು ಮನೆಯವರು. ‘ನಾನೇನೂ ಬೇಡ ಅನ್ಲಿಲ್ಲಪ್ಪ’ ಎಂದು ಅರಳಿಕಟ್ಟೆಯಲ್ಲಿ ಕೂತು ಹೇಳುವ ಗಂಡಂದಿರು ಬಹಳ. ಬೇಡ ಅನ್ನದಿದ್ದರೆ ಸಗಣಿ ಬಾಚಿದಂತಾಗುವುದಿಲ್ಲ. ಪಾಳಿಯ ಪಟ್ಟಿಯನ್ನು ತರಬೇತಿ ಕೊಡುವವರು ಒಂದು ತಿಂಗಳು ಮೊದಲೇ ಕೈಗಿಟ್ಟರೆ, ಯಾವ ದಿನ ಹಾಲು ಕರೆಯುವವರು ಯಾರು, ಮುದ್ದೆಗೆ ಎಸರಿಡುವವರು ಯಾರು ಎಂದು ಮನೆಯಲ್ಲಿ ಕೇಳಲು ಅವಳ ಹತ್ತಿರ ಒಂದು ಕಾಗದವಾದರೂ ಇರುತ್ತದೆ.