ಚಳಿ ನೀರಿಗೆ ಯಾವ ಸೂಟು?

ಕಳೆದ ನವೆಂಬರ್‌ನಲ್ಲಿ, ಇಂಗ್ಲೆಂಡಿನಲ್ಲಿ ನೀರು ತುಂಬಿದ ಒಂದು ಹಳೇ ಕಲ್ಲು ಕ್ವಾರಿಯೊಳಗೆ, 15 ಮೀಟರ್ ಆಳದಲ್ಲಿದ್ದೆ. ಜಾಕೆಟ್‌ಗೆ ಗಾಳಿ ತುಂಬಲು ಬಟನ್ ಒತ್ತಬೇಕಿತ್ತು. ಹೆಬ್ಬೆರಳು ಬಟನ್ ಮೇಲೇ ಇತ್ತು. ಆದರೆ ಒತ್ತಿದೆನೋ ಇಲ್ಲವೋ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಬೆರಳು ನಂದಲ್ಲವೇನೋ ಅನ್ನುವಷ್ಟು ಮರಗಟ್ಟಿತ್ತು.

ನೀರು 8 ಡಿಗ್ರಿ. ನನ್ನ ಮೈಮೇಲೆ 7 ಮಿಲಿಮೀಟರ್ ವೆಟ್‌ಸೂಟ್. ಎರಡು ಮೀಟರ್ ಪಕ್ಕದಲ್ಲಿ ನನ್ನ ಹೆಂಡತಿ, ಡ್ರೈಸೂಟ್ ಹಾಕಿಕೊಂಡು ಆರಾಮಾಗಿ ಮೀನು ನೋಡ್ತಿದ್ದಳು.

ನಾವಿಬ್ಬರೂ ಸ್ಕೂಬಾ ಕಲಿತದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ದೋಣಿ ಹತ್ತಿ ಹೋದವರಿಗೆ ಗೊತ್ತಿರುತ್ತೆ, ಅಲ್ಲಿನ ನೀರು ಬೆಚ್ಚಗೆ. 3 ಮಿಲಿಮೀಟರ್ ಸೂಟ್ ಇದ್ದರೆ ಧಾರಾಳ ಆಯ್ತು. ಆಮೇಲೆ ಪ್ರಾಜೆಕ್ಟ್ ನೆಪದಲ್ಲಿ ಇಂಗ್ಲೆಂಡಿಗೆ ಬಂದ್ವಿ. ಇಲ್ಲಿ ಡ್ರೈಸೂಟ್‌ಗೆ ಬಾಡಿಗೆ ಜಾಸ್ತಿ, ಮೇಲಿಂದ ಅದಕ್ಕೊಂದು ಬೇರೆ ಕೋರ್ಸ್. ಅವಳು ಕೋರ್ಸ್ ಮಾಡಿಕೊಂಡಳು. ನಾನು ಲೆಕ್ಕ ಹಾಕಿದೆ: ಸೂಟಿನ ದಪ್ಪ ಎರಡು ಪಟ್ಟಿಗೂ ಮೇಲಾಯ್ತಲ್ಲ, ಸಾಕು. 'ನಾನು ಮಡಿಕೇರಿಯವನು, ಚಳಿ ನಂಗೇನು ಹೊಸದಾ?' ಅಂತ ಬೇರೆ ಅಂದಿದ್ದೆ.

ಮಡಿಕೇರಿಯ ಚಳಿ ಗಾಳಿಯ ಚಳಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತೆ. 8 ಡಿಗ್ರಿ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ಕಾಫಿ ಕುಡಿಯಬಹುದು. 8 ಡಿಗ್ರಿ ನೀರಿನ ಕಥೆಯೇ ಬೇರೆ.

ವೆಟ್‌ಸೂಟ್ ಹೇಗೆ ಬೆಚ್ಚಗಿಡುತ್ತೆ ಅಂತ ಮೊದಲು ನೋಡೋಣ. ಅದರ ಬಟ್ಟೆ ನಿಯೋಪ್ರೀನ್, ಅಂದರೆ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿರುವ ರಬ್ಬರ್. ಶಾಖ ಹೊರಗೆ ಹೋಗದಂತೆ ತಡೆಯೋದು ಆ ಗುಳ್ಳೆಗಳೇ. ಸೂಟಿನೊಳಗೆ ನುಗ್ಗುವ ತೆಳುವಾದ ನೀರಿನ ಪದರ ಮೈಶಾಖಕ್ಕೆ ಬಿಸಿಯಾಗಿ ಅಲ್ಲೇ ನಿಲ್ಲಬೇಕು. ತೊಂದರೆ ಇರೋದು ಆಳದಲ್ಲಿ. 10 ಮೀಟರ್‌ಗೆ ಒತ್ತಡ ಮೇಲಿನದರ ಎರಡು ಪಟ್ಟು, 20ಕ್ಕೆ ಮೂರು ಪಟ್ಟು. ಗುಳ್ಳೆಗಳು ಅಮುಕಿಹೋಗಿ ಸೂಟ್ ತೆಳ್ಳಗಾಗುತ್ತೆ. ಬೆಚ್ಚಗಿನ ಅಗತ್ಯ ಹೆಚ್ಚಿರುವ ಜಾಗದಲ್ಲೇ ಬೆಚ್ಚಗೆ ಕಡಿಮೆ. ಅಂಗಡಿಯಲ್ಲಿ ನೋಡಿದ 7 ಮಿಲಿಮೀಟರ್ ಕೆಳಗೆ 7 ಆಗಿ ಉಳಿಯಲ್ಲ.

ಅಂದಾಜಿಗೆ ಈ ಲೆಕ್ಕ ಇಟ್ಟುಕೊಳ್ಳಿ. ನೀರು 24 ಡಿಗ್ರಿಗಿಂತ ಮೇಲಿದ್ದರೆ 3 ಮಿಲಿಮೀಟರ್. 18ರಿಂದ 24ಕ್ಕೆ 5. ಅದಕ್ಕೂ ಕೆಳಗೆ 7, ಜೊತೆಗೆ ತಲೆಗೆ ಹುಡ್, ಕೈಗೆ ಗ್ಲೌಸ್. 10ರ ಹತ್ತಿರ ಬಂತು ಅಂದರೆ ಡ್ರೈಸೂಟ್. ನೀವು ಸಣ್ಣಗಿದ್ದರೆ, ದಿನಕ್ಕೆ ಎರಡು ಮೂರು ಡೈವ್ ಮಾಡುವವರಾದರೆ, ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಿ. ತಾಪಮಾನ ಕೇಳುವಾಗಲೂ ಮೇಲ್ಮೈಯದ್ದು ಕೇಳಬೇಡಿ, ನೀವು ಇಳಿಯುವ ಆಳದ್ದು ಕೇಳಿ.

ವೆಟ್‌ಸೂಟ್ ತಗೊಂಡರೆ ದಪ್ಪಕ್ಕಿಂತ ಅಳತೆ ಮುಖ್ಯ. ಸೊಂಟದ ಹಿಂದೆ, ಕಂಕುಳಲ್ಲಿ, ಕತ್ತಿನ ಹತ್ತಿರ ಸಡಿಲ ಇದ್ದರೆ ನೀವು ಕೈಕಾಲು ಆಡಿಸಿದಾಗಲೆಲ್ಲ ಬಿಸಿಯಾದ ನೀರು ಆಚೆ ಹೋಗಿ ತಣ್ಣೀರು ಒಳಗೆ ಬರುತ್ತೆ. ಸಡಿಲವಾದ 7ಕ್ಕಿಂತ ಮೈಗೆ ಅಂಟಿದ 5 ಎಷ್ಟೋ ವಾಸಿ.

ಡ್ರೈಸೂಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಟ್ರೈಲ್ಯಾಮಿನೇಟ್ ಅನ್ನೋದು ಗಟ್ಟಿಯಾದ ರೇನ್‌ಕೋಟ್ ಇದ್ದ ಹಾಗೆ. ಅದು ನೀರು ತಡೆಯುತ್ತೆ ಅಷ್ಟೇ, ಬೆಚ್ಚಗಿಡೋದು ಒಳಗೆ ಹಾಕುವ ಬಟ್ಟೆ. ಕಾಟನ್ ಬನಿಯನ್ ಮಾತ್ರ ಬೇಡ, ಬೆವರು ಹೀರಿಕೊಂಡು ಅದೇ ತಣ್ಣಗಾಗುತ್ತೆ. ಉಣ್ಣೆ ಅಥವಾ ಫ್ಲೀಸ್ ಇರಲಿ. ನಿಯೋಪ್ರೀನ್ ಡ್ರೈಸೂಟ್ ತಾನೇ ಸ್ವಲ್ಪ ಬೆಚ್ಚಗಿಡುತ್ತೆ. ಕತ್ತು, ಮಣಿಕಟ್ಟಿನ ಸೀಲ್ ಲ್ಯಾಟೆಕ್ಸ್ ಆಗಿದ್ದರೆ, ನಿಮಗೆ ಅಲರ್ಜಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಸಿಲಿಕಾನ್ ಸೀಲೂ ಸಿಗುತ್ತೆ.

ಆದರೆ ಡ್ರೈಸೂಟ್ ಕೊಂಡ ದಿನವೇ ನೀರಿಗೆ ಹಾರೋ ಹಾಗಿಲ್ಲ. ಇಳಿಯುವಾಗ ಸೂಟಿಗೆ ಗಾಳಿ ಬಿಡಬೇಕು, ಇಲ್ಲದಿದ್ದರೆ ಮೈಯನ್ನು ಹಿಂಡುತ್ತೆ. ಏರುವಾಗ ಆ ಗಾಳಿ ಹಿಗ್ಗುತ್ತೆ, ತೋಳಿನ ವಾಲ್ವ್‌ನಿಂದ ಹೊರಬಿಡದಿದ್ದರೆ ಬಲೂನಿನಂತೆ ಮೇಲಕ್ಕೆ ಎಳೆದೊಯ್ಯುತ್ತೆ. ಗಾಳಿ ಕಾಲಿನ ಕಡೆ ಸೇರಿಕೊಂಡರೆ ತಲೆಕೆಳಗಾಗಿ ನೇತಾಡುವ ಪರಿಸ್ಥಿತಿ. ಐಸ್‌ಲ್ಯಾಂಡಿನ ಸಿಲ್‌ಫ್ರಾದಲ್ಲಿ, ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳ ನಡುವಿನ ಬಿರುಕಿನಲ್ಲಿ, ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಡ್ರೈಸೂಟ್ ತರಬೇತಿಯೋ ಅನುಭವವೋ ಇಲ್ಲದವರನ್ನು ಅಲ್ಲಿ ಸ್ಕೂಬಾಕ್ಕೆ ಇಳಿಸೋದೇ ಇಲ್ಲ.

ಈಗ ಕ್ವಾರಿಗೆ ವಾಪಸ್. ನಡುಕ ಶುರುವಾಗಿ ಹತ್ತು ನಿಮಿಷ ಆಗಿತ್ತು. 'ಚಳಿ ಆಗ್ತಿದೆ' ಅನ್ನೋಕೆ ಎರಡೂ ತೋಳು ಉಜ್ಜಿಕೊಂಡು ತೋರಿಸಿದರೆ ಸಾಕಿತ್ತು. ತೋರಿಸಲಿಲ್ಲ. ಮಡಿಕೇರಿಯ ಮರ್ಯಾದೆ! ಕೊನೆಗೆ ಅವಳೇ ನನ್ನ ಕೈ ನೋಡಿ ಹೆಬ್ಬೆರಳು ಮೇಲೆತ್ತಿದಳು. ಡೈವ್ ಮುಗೀತು, ಮೇಲೆ ಹೋಗೋಣ ಅಂತ.

ಕಾರಿನಲ್ಲಿ ಕೂತು ಟೀ ಲೋಟ ಹಿಡಿಯೋಕೂ ಆಗದೆ ತೊಡೆ ಮೇಲಿಟ್ಟುಕೊಂಡಿದ್ದೆ. ಅವಳು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: "ಕೆಳಗೆ ನನ್ನ ಸಿಲಿಂಡರ್ ಖಾಲಿಯಾಗಿದ್ದರೆ, ಆ ಕೈಯಿಂದ ನಂಗೆ ರೆಗ್ಯುಲೇಟರ್ ಕೊಡೋಕೆ ಆಗ್ತಿತ್ತಾ?"

ಉತ್ತರ ಇರಲಿಲ್ಲ. ಅಲ್ಲಿವರೆಗೂ ಸೂಟು ನನ್ನ ಚಳಿ, ನನ್ನ ದುಡ್ಡಿನ ವಿಷಯ ಅಂದುಕೊಂಡಿದ್ದೆ. ಕೆಳಗೆ ನನ್ನ ಬೆರಳುಗಳ ಮೇಲೆ ಇನ್ನೊಬ್ಬರ ಉಸಿರೂ ನಿಂತಿರುತ್ತೆ.

ಜನವರಿಯಲ್ಲಿ ನಾನೂ ಕೋರ್ಸ್ ಮಾಡಿದೆ. ಈಗ ಸೂಟು ಆರಿಸುವಾಗ ಒಂದೇ ಪರೀಕ್ಷೆ: ಡೈವಿನ ಕೊನೆಯ ನಿಮಿಷದಲ್ಲೂ ಈ ಬೆರಳುಗಳು ಒಂದು ಬಕಲ್ ಬಿಚ್ಚುತ್ತವಾ? ಅನುಮಾನ ಬಂದರೆ ಆ ಸೂಟಿನಲ್ಲಿ ಇಳಿಯಬೇಡಿ. ಇಳಿದ ಮೇಲೆ ಚಳಿಯಾದರೆ, ದಯವಿಟ್ಟು ತೋಳು ಉಜ್ಜಿ ತೋರಿಸಿ.